ಹೊಲದ ಕೈಕಾಲಿಗೆ ಕೊಬ್ಬರಿ ಎಣ್ಣೆ ಸಾಕು, ನಿಂಬೆ ಬೇಡ

ಮಣ್ಣಲ್ಲಿ ದುಡಿಯೋರ ಕೈಕಾಲು ಒಡೆಯೋದು ಸಾಮಾನ್ಯ. ಒಣಮಣ್ಣು ಚರ್ಮದ ಎಣ್ಣೆಯಂಶ ಹೀರುತ್ತದೆ. ಬಟ್ಟೆ ಸೋಪು ಉಳಿದದ್ದನ್ನೂ ತೆಗೆಯುತ್ತದೆ. ನಮ್ಮ ಸಾವಯವ ತೋಟದಲ್ಲಿ ಕೆಲಸ ಮುಗಿಸಿ ನಾವು ಕೈ ತೊಳೆಯೋದು ಕಡಲೆಹಿಟ್ಟಿನಿಂದ. ರಾತ್ರಿ ಉಗುರುಬೆಚ್ಚಗಿನ ನೀರಲ್ಲಿ 10 ನಿಮಿಷ ಕಾಲು ನೆನೆಸಿ, ಒರೆಸಿ, ಪಸೆ ಆರುವ ಮೊದಲೇ ಕೊಬ್ಬರಿ ಎಣ್ಣೆ ಹಚ್ಚಿ. ಒಳಗಿನ ತೇವ ಆರದಂತೆ ಎಣ್ಣೆ ತಡೆಯುತ್ತದೆ.

ಆದರೆ ಕಲೆ ಹೋಗುತ್ತೆ ಅಂತ ನಿಂಬೆರಸ ಉಜ್ಜಿ ಬಿಸಿಲಿಗೆ ಇಳಿಯಬೇಡಿ. ಅದರಲ್ಲಿರುವ ಫ್ಯುರಾನೊಕೌಮರಿನ್‌ಗೆ ಬಿಸಿಲು ತಾಗಿದರೆ ಚರ್ಮ ಸುಟ್ಟು ಬೊಬ್ಬೆ ಏಳಬಹುದು. ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ನಿಂಬೆ ಕೊಯ್ಯುವವರೂ ತೋಳು ಮುಚ್ಚುವ ಅಂಗಿ ಹಾಕಿ, ರಸ ತಾಗಿದರೆ ಕೂಡಲೇ ತೊಳೆಯಿರಿ.

ಸಕ್ಕರೆ ಕಾಯಿಲೆ ಇರೋರು ಕಾಲು ನೆನೆಸೋದು ಬೇಡ. ಬಿರುಕು ಕಂಡರೆ ತಡಮಾಡದೆ ಡಾಕ್ಟರಿಗೆ ತೋರಿಸಿ.