ಪೇಂಟ್ ಕೆರೆದು ನೋಡಿ

ಬಿಳಿಚೋಡಿನ ನನ್ನ ವೆಲ್ಡಿಂಗ್ ಶೆಡ್ಡಿಗೆ ಈಗೀಗ ಮೊಬೈಲ್ ಚಾಚಿಕೊಂಡೇ ಬರುತ್ತಾರೆ. ‘ಅಣ್ಣಾ, ಮಿನಿ ಟ್ರ್ಯಾಕ್ಟರ್ ಹಿಂದೆ ಕಟ್ಟೋ ಜೆಸಿಬಿ ಕೈ ಇದು. ಸೆಕೆಂಡ್ ಹ್ಯಾಂಡ್. ತಗಳ್ಳಾ?’

ನಾನು ಫೋಟೊ ನೋಡುವುದಿಲ್ಲ. ‘ಏನ್ ತೋಡ್ತೀಯಪ್ಪಾ?’ ಅಂತ ಕೇಳುತ್ತೇನೆ. ನಮ್ಮ ಜಗಳೂರು ತಾಲ್ಲೂಕು ಮಳೆ ನೆಚ್ಚಿಕೊಂಡ ಸೀಮೆ. ಬೋರಿನಲ್ಲಿ ನಾಲ್ಕು ಹನಿ ಸಿಕ್ಕವರು ಮೆಕ್ಕೆಜೋಳ ಬಿಟ್ಟು ಚನ್ನಗಿರಿಯವರಂತೆ ಅಡಿಕೆ ಹಾಕಲು ಹೊರಟಿದ್ದಾರೆ. ಅಡಿಕೆ ಗುಂಡಿ ಉದ್ದ, ಅಗಲ, ಆಳ ಮೂರೂ 90 ಸೆಂಟಿಮೀಟರ್. ಅಂಥ ಗುಂಡಿಗೆ, ಡ್ರಿಪ್ ಪೈಪಿನ ಕಾಲುವೆಗೆ ಈ ಸಣ್ಣ ಕೈ ಸಾಕು. ಕೃಷಿ ಹೊಂಡ ತೋಡುವ ಆಸೆ ಇದ್ದರೆ ಗಂಟೆ ಲೆಕ್ಕದಲ್ಲಿ ದೊಡ್ಡ ಜೆಸಿಬಿ ಕರೆಸುವುದೇ ಲೇಸು.

ಆಮೇಲಿನ ಪ್ರಶ್ನೆ, ಅದನ್ನು ಕಟ್ಟುವುದು ಎಲ್ಲಿಗೆ? ಮಾರುವವರು ‘ನೇಗಿಲು ಸಿಗಿಸಿದಂಗೆ ಸಿಗಿಸ್ಕೊಳ್ರಿ’ ಅಂತಾರೆ. ಇಲ್ಲೇ ಇರುವುದು ಅಪಾಯ. ನೇಗಿಲು ಹಿಂದಕ್ಕೆ ಎಳೆಯುತ್ತದೆ, ಅಷ್ಟೇ. ತೋಡುವ ಬಕೆಟ್ ಮೇಲಕ್ಕೂ ಅಕ್ಕಪಕ್ಕಕ್ಕೂ ಜಗ್ಗುತ್ತದೆ. ಹೆಚ್ಚಿನ ಟ್ರ್ಯಾಕ್ಟರುಗಳಲ್ಲಿ ಹೈಡ್ರಾಲಿಕ್ ತೋಳು ಎತ್ತಲು ಮಾತ್ರ ಬಲ್ಲದು, ಕೆಳಗೆ ಒತ್ತಿ ಹಿಡಿಯಲಾರದು. ಬಕೆಟ್ ಕಲ್ಲಿಗೆ ಸಿಕ್ಕಿಕೊಂಡರೆ ಇಡೀ ಸಾಮಾನೇ ಎದ್ದು ಡ್ರೈವರ್ ಮೇಲೆ ಬರಬಹುದು. ಸಾಮಾನನ್ನು ಮೇಲಿನಿಂದ ಹಿಡಿಯುವ ಟಾಪ್ ಲಿಂಕ್ ನಿಂತಿರುವುದು ಟ್ರ್ಯಾಕ್ಟರಿನ ಎರಕದ ಹೌಸಿಂಗ್ ಮೇಲೆ. ಎರಕ ಬಗ್ಗುವುದಿಲ್ಲ, ಸೀಳುತ್ತದೆ. ಅದನ್ನು ಬೆಸೆಯುವ ಕೆಲಸ ನನ್ನ ಹತ್ತಿರ ತರಲೇಬೇಡಿ.

ಹಾಗಾಗಿ ಟ್ರ್ಯಾಕ್ಟರಿನ ಹೊಟ್ಟೆಯಡಿ ಉದ್ದಕ್ಕೂ ಬೋಲ್ಟ್ ಹಾಕಿ ಕೂರಿಸುವ ಕಬ್ಬಿಣದ ಫ್ರೇಮ್ ಬೇಕು. ಒಂದು ಮಾಡೆಲ್ಲಿನ ಫ್ರೇಮ್ ಇನ್ನೊಂದಕ್ಕೆ ಸಾಮಾನ್ಯವಾಗಿ ಕೂರದು. ಫ್ರೇಮ್ ಇಲ್ಲದೆ ಬರೀ ಕೈ ಮಾರುತ್ತಿದ್ದರೆ, ಹೊಸ ಫ್ರೇಮಿನ ಖರ್ಚನ್ನೂ ರೇಟಿಗೆ ಸೇರಿಸಿಕೊಂಡೇ ಮಾತಾಡಿ. ಹಿಂದೆ ಭಾರ ಬಿದ್ದಾಗ ಮುಂದಿನ ಗಾಲಿ ಏಳದಂತೆ ಮುಂದೆ ತೂಕವನ್ನೂ ಹಾಕಬೇಕಾಗುತ್ತದೆ.

ಇನ್ನು ಸಾಮಾನು. ಹೊಸ ಹಳದಿ ಪೇಂಟ್ ಕಂಡರೆ ನನಗೆ ಮೊದಲು ಅನುಮಾನ. ಬೂಮಿನ, ಅಂದರೆ ಟ್ರ್ಯಾಕ್ಟರ್ ಕಡೆಯ ದೊಡ್ಡ ತೋಳಿನ ಬುಡದಲ್ಲಿ, ಕೈ ಎಡಬಲ ತಿರುಗುವ ಕಂಬದ ಹತ್ತಿರ ಸ್ವಲ್ಪ ಕೆರೆಯಿರಿ. ಬೆಸುಗೆಯ ಮೇಲೆ ಬೆಸುಗೆ ದಪ್ಪಗೆ ಕೂತಿದ್ದರೆ ಅಲ್ಲಿ ಹಿಂದೆ ಬಿರುಕು ಬಿಟ್ಟಿತ್ತು ಅಂತಲೇ. ಬಕೆಟ್ಟನ್ನು ಎರಡು ಕೈಯಲ್ಲಿ ಹಿಡಿದು ಅಲ್ಲಾಡಿಸಿ. ಲೊಟಲೊಟ ಅಂದರೆ ಪಿನ್ನು, ಬುಷ್ಷು ಸವೆದಿವೆ. ಅದು ದೊಡ್ಡ ರೋಗವಲ್ಲ, ಲೇತಿನವನ ಹತ್ತಿರ ಮಾಡಿಸಬಹುದು. ಆದರೆ ಪಿನ್ ಕೂರುವ ತೂತೇ ಮೊಟ್ಟೆಯಾಕಾರವಾಗಿದ್ದರೆ ಖರ್ಚು ಜಾಸ್ತಿ. ಸಿಲಿಂಡರಿನ ಹೊಳೆಯುವ ರಾಡಿನ ಮೇಲೆ ಉಗುರು ಎಳೆಯಿರಿ. ಉಗುರು ತಡೆದರೆ ಆ ಗೀರು ಹೊಸ ಸೀಲನ್ನೂ ತಿನ್ನುತ್ತದೆ.

ಕೈ ಓಡುವುದು ಟ್ರ್ಯಾಕ್ಟರಿನ ಪಂಪಿನಿಂದಲೋ, ಟ್ರ್ಯಾಕ್ಟರ್ ಹಿಂದೆ ತಿರುಗುವ ಪಿಟಿಒ ಶಾಫ್ಟಿಗೆ ಸಿಗಿಸಿದ ಸ್ವಂತ ಪಂಪಿನಿಂದಲೋ ಕೇಳಿ. ಮಿನಿ ಟ್ರ್ಯಾಕ್ಟರಿನ ಪಂಪ್ ಚಿಕ್ಕದು, ಕೈ ಆಮೆ ನಡಿಗೆಯಾಗುತ್ತದೆ. ಸ್ವಂತ ಪಂಪಿದ್ದರೆ ಅದು ನಿಮ್ಮ ಪಿಟಿಒ ಸುತ್ತಿಗೆ, ಅಂದರೆ ಸಾಮಾನ್ಯವಾಗಿ ನಿಮಿಷಕ್ಕೆ 540ಕ್ಕೆ, ಹೊಂದಬೇಕು.

ಮಾರುವವರ ಹೊಲದಲ್ಲೇ ಓಡಿಸಿ ನೋಡಿ, ಅದೂ ಗಟ್ಟಿ ನೆಲದಲ್ಲಿ. ಆಯಿಲ್ ತಣ್ಣಗಿರುವಾಗ ಸವೆದ ಪಂಪೂ ಚುರುಕಾಗೇ ಇರುತ್ತದೆ. ಬಿಸಿಯಾದಂತೆ ಜೋರು ಇಳಿಯುತ್ತದೆ. ಅರ್ಧ ಗಂಟೆ ತೋಡಿಸಿ, ಬೂಮ್ ಎತ್ತಿ, ಇಂಜಿನ್ ಆಫ್ ಮಾಡಿಸಿ ದೂರ ನಿಲ್ಲಿ. ಕಣ್ಣಿಗೆ ಕಾಣುವಂತೆ ಕೈ ಇಳಿಯತೊಡಗಿದರೆ ಸೀಲೋ ವಾಲ್ವೋ ಒಳಗೇ ಬಿಟ್ಟಿದೆ. ಚೌಕಾಸಿ ಅಲ್ಲಿಂದ ಶುರು ಮಾಡಿ.