ನೆಲಮಾಳಿಗೆಯ ಕಮಾಂಡರ್: ಜೋಸೆಫ್ ರೋಶ್‌ಫೋರ್ಟ್

ನೌಕಾ ಗುಪ್ತಚರ ಅಧಿಕಾರಿ ಎಂದೊಡನೆ ವೇಷ ಮರೆಸಿಕೊಂಡು ಪರದೇಶದ ಬಂದರಿನಲ್ಲಿ ಸುಳಿಯುವ ಗೂಢಚಾರ ನೆನಪಾಗುತ್ತಾನೆ. ಆ ಚಿತ್ರವನ್ನು ಮೊದಲು ಬದಿಗಿಡೋಣ. ಶತ್ರುವಿನ ಹಡಗುಗಳು ನಾಳೆ ಏನು ಮಾಡಲಿವೆ ಎಂಬುದನ್ನು ತನ್ನ ದಂಡನಾಯಕನಿಗೆ ಇವತ್ತೇ ಹೇಳುವುದು ಈ ಅಧಿಕಾರಿಯ ಕೆಲಸ. ಅದನ್ನು ಅವನು ಮಾಡುವುದು ಬಹುಮಟ್ಟಿಗೆ ಮೇಜಿನ ಮುಂದೆ, ಕಾಗದ ಪೆನ್ಸಿಲು ಹಿಡಿದು. ಅಮೆರಿಕದ ನೌಕಾಪಡೆಯ ಜೋಸೆಫ್ ರೋಶ್‌ಫೋರ್ಟ್ ಅವರ ಬದುಕನ್ನು ನೋಡಿದರೆ ಈ ವೃತ್ತಿಯ ಒಳಹೊರಗು ಎರಡೂ ಅರ್ಥವಾಗುತ್ತವೆ.

ರೋಶ್‌ಫೋರ್ಟ್ ಹುಟ್ಟಿದ್ದು 1900ರಲ್ಲಿ, ಒಹಾಯೊ ರಾಜ್ಯದ ಡೇಟನ್ ಊರಿನಲ್ಲಿ. ಪ್ರೌಢಶಾಲೆ ಮುಗಿಸದೆ, ವಯಸ್ಸು ಹೆಚ್ಚು ಹೇಳಿ 1918ರಲ್ಲಿ ನೌಕಾಪಡೆ ಸೇರಿದರು. ಅಧಿಕಾರಿಗಳು ಹೆಚ್ಚಾಗಿ ಅನಾಪೊಲಿಸ್ ನೌಕಾ ಅಕಾಡೆಮಿಯಿಂದ ಬರುತ್ತಿದ್ದ ಕಾಲ ಅದು; ಆ ಮೊಹರು ಇವರಿಗಿರಲಿಲ್ಲ, ಆ ಕೊರತೆ ಕೊನೆಯವರೆಗೂ ಕಾಡಿತು. 1921ರಲ್ಲಿ ಮದುವೆಯಾಯಿತು. ಪದಬಂಧ ಬಿಡಿಸುವ, ಇಸ್ಪೀಟಿನ ಬ್ರಿಜ್ ಆಟದ ಚುರುಕನ್ನು ಮೇಲಧಿಕಾರಿಯೊಬ್ಬರು ಗಮನಿಸಿದ್ದರಿಂದ 1925ರಲ್ಲಿ ವಾಷಿಂಗ್ಟನ್‌ನ ಗೂಢಲಿಪಿ ವಿಭಾಗಕ್ಕೆ ಕರೆ ಬಂತು. ಅಲ್ಲಿ ಲಾರೆನ್ಸ್ ಸ್ಯಾಫರ್ಡ್ ಮತ್ತು ಆಗ್ನೆಸ್ ಡ್ರಿಸ್ಕಾಲ್ ಅವರ ಬಳಿ ಪಳಗಿದರು. (ಡ್ರಿಸ್ಕಾಲ್ ಜಪಾನಿ ನೌಕಾಸಂಕೇತಗಳ ಬೇರಿಗೇ ಕೈಹಾಕಿದ ಮಹಿಳೆ. ಅವರ ಬಗ್ಗೆಯೇ ಒಂದು ಹೊತ್ತಿಗೆ ಬರಬೇಕು.)

ಈ ಕೆಲಸ ಮನೆಯನ್ನು ಹೇಗೆ ತಟ್ಟುತ್ತದೆ ಎಂಬುದು ಆಗಲೇ ಕಂಡಿತ್ತು. ದಿನವಿಡೀ ಅಂಕಿಗಳ ಜೊತೆ ಗುದ್ದಾಡಿ ಮನೆಗೆ ಬಂದರೆ ಒಂದೆರಡು ಗಂಟೆ ಮಲಗಿ ಸುಧಾರಿಸಿಕೊಳ್ಳದೆ ಊಟ ಇಳಿಯುತ್ತಿರಲಿಲ್ಲ. ಹೊಟ್ಟೆಯಲ್ಲಿ ಹುಣ್ಣಾಯಿತು. ಏನು ಮಾಡುತ್ತಿದ್ದೇನೆಂದು ಹೆಂಡತಿಯ ಮುಂದೆ ಬಾಯಿಬಿಡುವಂತಿರಲಿಲ್ಲ. ಅವಧಿ ಮುಗಿದಾಗ ಅವರು ನೆಮ್ಮದಿಯಿಂದಲೇ ಹಡಗು ಹತ್ತಿದರು. 1929ರಲ್ಲಿ ಜಪಾನಿ ಭಾಷೆ ಕಲಿಯಲು ಮೂರು ವರ್ಷ ಟೋಕಿಯೊಗೆ ಕಳುಹಿಸಿದಾಗ ಹೆಂಡತಿ, ಪುಟ್ಟ ಮಗನನ್ನೂ ಕರೆದುಕೊಂಡು ಹೋದರು. ಇಂಥ ತರಬೇತಿಗೆ ಅವಿವಾಹಿತರನ್ನೇ ಆರಿಸುವುದು ವಾಡಿಕೆಯಾಗಿದ್ದ ಕಾಲದಲ್ಲಿ ಇದೊಂದು ಅಪವಾದ. ಅದೇ ಪ್ರಯಾಣದಲ್ಲಿ ಎಡ್ವಿನ್ ಲೇಟನ್ ಎಂಬ ಕಿರಿಯ ಅಧಿಕಾರಿಯ ಸ್ನೇಹವಾಯಿತು. ಹನ್ನೆರಡು ವರ್ಷಗಳ ನಂತರ ಪೆಸಿಫಿಕ್ ನೌಕಾದಳದ ಗುಪ್ತಚರ ಅಧಿಕಾರಿಯಾಗಿದ್ದ ಲೇಟನ್, ರೋಶ್‌ಫೋರ್ಟ್ ಹೇಳಿದ್ದನ್ನು ಆ ದಳದ ದಂಡನಾಯಕ ಅಡ್ಮಿರಲ್ ನಿಮಿಟ್ಜ್ ಅವರ ಕಿವಿಗೆ ನೇರವಾಗಿ ತಲುಪಿಸಿದರು. ಈ ಗೆಳೆತನ ಇಲ್ಲದಿದ್ದರೆ ಮುಂದಿನ ಕಥೆಯೇ ಬೇರೆಯಾಗುತ್ತಿತ್ತು ಎಂಬುದು ನನ್ನ ದೃಢ ನಂಬಿಕೆ.

1941ರಲ್ಲಿ ರೋಶ್‌ಫೋರ್ಟ್ ಹವಾಯಿಯ ಪರ್ಲ್ ಹಾರ್ಬರ್‌ನಲ್ಲಿ 'ಹೈಪೊ' ಎಂಬ ಕೇಂದ್ರದ ಹೊಣೆ ಹೊತ್ತರು. ಕಟ್ಟಡವೊಂದರ ನೆಲಮಾಳಿಗೆ ಅದು. ಕಿಟಕಿಯಿಲ್ಲ, ಸದಾ ಥಂಡಿ. ಸಮವಸ್ತ್ರದ ಮೇಲೆ ಮನೆಯಲ್ಲಿ ತೊಡುವ ಮೇಲಂಗಿ, ಕಾಲಿಗೆ ಚಪ್ಪಲಿ ಹಾಕಿಕೊಂಡು ಕೂರುತ್ತಿದ್ದರು. ಯುದ್ಧ ಶುರುವಾದ ಮೇಲೆ ಅಲ್ಲೇ ಮಂಚ ಹಾಕಿಕೊಂಡು ದಿನಗಟ್ಟಲೆ ಉಳಿದರು. ಜಪಾನ್ ಪರ್ಲ್ ಹಾರ್ಬರ್ ಮೇಲೆ ನಡೆಸಿದ ಡಿಸೆಂಬರ್ 7ರ ದಾಳಿಯನ್ನು ಮುಂಚಿತವಾಗಿ ಹೇಳಲಾಗಲಿಲ್ಲ ಎಂಬ ನೋವು ಅವರನ್ನು ಬಿಡಲಿಲ್ಲ. ಅಲ್ಲಿಯವರೆಗೆ ವಾಷಿಂಗ್ಟನ್ ಅವರ ತಂಡಕ್ಕೆ ಒಪ್ಪಿಸಿದ್ದೇ ಬೇರೊಂದು ಸಂಕೇತ. ಜಪಾನಿ ನೌಕಾಪಡೆಯ ಮುಖ್ಯ ಸಂಕೇತವಾದ ಜೆಎನ್-25 ಅವರ ಕೈಗೆ ಬಂದದ್ದು ದಾಳಿಯ ನಂತರ.

ಈ ಜೆಎನ್-25 ನನ್ನ ಅಚ್ಚುಮೆಚ್ಚಿನ ವಿಷಯ. ಓದುಗರು ಪೆನ್ಸಿಲು ಹಿಡಿದು ಕೂತರೆ ಒಳ್ಳೆಯದು.

ಜಪಾನಿ ಗುಮಾಸ್ತನ ಬಳಿ ಎರಡು ಪುಸ್ತಕಗಳು. ಮೊದಲನೆಯದರಲ್ಲಿ ಪ್ರತಿ ಪದಕ್ಕೂ ಐದಂಕಿಯ ಒಂದು ಸಂಖ್ಯೆ. ಒಂದು ಪದಕ್ಕೆ 54321 ಎಂದಿಟ್ಟುಕೊಳ್ಳಿ. ಎರಡನೆಯ ಪುಸ್ತಕದ ತುಂಬ ಗೊತ್ತುಗುರಿಯಿಲ್ಲದ ಐದಂಕಿಯ ಸಂಖ್ಯೆಗಳು. ಅಲ್ಲಿಂದ 17839 ತೆಗೆದುಕೊಂಡು ಮೊದಲನೆಯದಕ್ಕೆ ಕೂಡಿಸುತ್ತಾನೆ. ಆದರೆ ಶಾಲೆಯ ಕೂಡುವ ಲೆಕ್ಕದಂತೆ ಕೈಯಲ್ಲಿ ಉಳಿದ ಒಂದನ್ನು ಪಕ್ಕದ ಸ್ಥಾನಕ್ಕೆ ಸೇರಿಸುವುದಿಲ್ಲ, ಬಿಟ್ಟುಬಿಡುತ್ತಾನೆ. 5ಕ್ಕೆ 1 ಕೂಡಿದರೆ 6. 4ಕ್ಕೆ 7 ಕೂಡಿದರೆ 11, ಬರೆಯುವುದು 1 ಮಾತ್ರ. ಹೀಗೆ 61150 ಬರುತ್ತದೆ. ವೈರ್‌ಲೆಸ್‌ನಲ್ಲಿ ಹೋಗುವುದು ಇದು. ಅದೇ ಪದ ಇನ್ನೊಮ್ಮೆ ಬಂದಾಗ ಕೂಡಿಸುವ ಸಂಖ್ಯೆ ಬೇರೆ, ಆದ್ದರಿಂದ ರೂಪವೂ ಬೇರೆ.

ಬಿಡಿಸುವುದು ಅಸಾಧ್ಯವೆನಿಸುತ್ತದೆ, ಅಲ್ಲವೇ? ಇಲ್ಲೇ ಒಂದು ಸೂಕ್ಷ್ಮವಿದೆ. ವೈರ್‌ಲೆಸ್‌ನಲ್ಲಿ ಒಂದಂಕಿ ತಪ್ಪಾಗಿ ಕೇಳಿಸಿದರೆ ಪತ್ತೆಯಾಗಲಿ ಎಂದು ಜಪಾನಿಯರು ಮೊದಲ ಪುಸ್ತಕದ ಎಲ್ಲ ಸಂಖ್ಯೆಗಳನ್ನೂ ಮೂರರಿಂದ ಭಾಗವಾಗುವಂತೆ ಆರಿಸಿದ್ದರು. 54321ರ ಅಂಕಿಗಳನ್ನು ಕೂಡಿ ನೋಡಿ: 15. ಈಗ ಬೇರೆ ಬೇರೆ ಸಂದೇಶಗಳಲ್ಲಿ ಒಂದೇ ಸಂಖ್ಯೆ ಕೂಡಿಸಿರುವ ಜಾಗಗಳನ್ನು ಹುಡುಕಿ ಒಂದರ ಕೆಳಗೊಂದು ಬರೆಯಬೇಕು. ಆ ಸಂಖ್ಯೆ ಇಂಥದ್ದಿರಬಹುದೆಂದು ಊಹಿಸಿ, ಪಕ್ಕದ ಸ್ಥಾನದಿಂದ ಸಾಲ ತೆಗೆಯದೆ, ಎಲ್ಲದರಿಂದಲೂ ಕಳೆಯಬೇಕು. 17838 ಎಂದು ಊಹಿಸಿದರೆ ಉಳಿಯುವುದು 54322. ಅಂಕಿಗಳ ಮೊತ್ತ 16, ಮೂರರಿಂದ ಭಾಗವಾಗದು, ಊಹೆ ಬಿದ್ದುಹೋಯಿತು. ತಪ್ಪು ಊಹೆಯೊಂದು ಆಕಸ್ಮಿಕವಾಗಿ ಪಾರಾಗುವ ಸಾಧ್ಯತೆ ಪ್ರತಿ ಸಲ ಮೂರರಲ್ಲಿ ಒಂದು. ಆರು ಸಂದೇಶಗಳಲ್ಲೂ ಪಾರಾಗುವ ಸಾಧ್ಯತೆ 729ರಲ್ಲಿ ಒಂದು! ತಮ್ಮವರ ಅನುಕೂಲಕ್ಕೆಂದು ಇಟ್ಟ ವ್ಯವಸ್ಥೆಯೇ ಎದುರಾಳಿಯ ಕೈಗೆ ಕೀಲಿಯಾಯಿತು.

ಕೂಡಿಸಿದ್ದನ್ನು ಕಳೆದರೂ ಉಳಿಯುವುದು ಸಂಖ್ಯೆಯೇ. ಅದರ ಅರ್ಥ ಯಾವ ಪದ ಎಂದು ಹುಡುಕುವುದು ಭಾಷೆ ಬಲ್ಲವರ ಪಾಲಿನ ಕೆಲಸ. ಸಾಮಾನ್ಯರು ಎಡವುವುದು ಇಲ್ಲೇ. ಸಂಕೇತ ಒಡೆಯಿತು ಎಂದರೆ ದಿನಪತ್ರಿಕೆಯಂತೆ ಓದಿದರು ಎಂದು ತಿಳಿಯುತ್ತಾರೆ. 1942ರ ವಸಂತದಲ್ಲಿ ಹೈಪೊ ತಂಡಕ್ಕೆ ಒಂದು ಸಂದೇಶದಲ್ಲಿ ಸಾಧಾರಣವಾಗಿ ತಿಳಿಯುತ್ತಿದ್ದುದು ಹತ್ತರಲ್ಲಿ ಒಂದೆರಡು ಪಾಲು. ಉಳಿದ ಖಾಲಿಯನ್ನು ತುಂಬಬೇಕಾದ್ದು ನೆನಪಿನಿಂದ. ಯಾವ ಹಡಗು ಯಾರನ್ನು ಕರೆಯಿತು, ಯಾವ ದಿಕ್ಕಿನಿಂದ, ಎಷ್ಟು ಸಲ? ಮದುವೆ ಮನೆಯೊಳಗಿನ ಮಾತು ಕೇಳಿಸದಿದ್ದರೂ ಬೀದಿಯಲ್ಲಿ ನಿಂತು ಯಾರು ಬಂದರು, ಏನು ಹೊತ್ತು ತಂದರು ಎಂದು ನೋಡಿದರೆ ಒಳಗಿನ ಸಡಗರ ತಿಳಿಯುವ ಹಾಗೆ, ಸಂದೇಶದ ಓಡಾಟವೇ ಎಷ್ಟೋ ಹೇಳುತ್ತದೆ. ಟೋಕಿಯೊದ ಆ ಮೂರು ವರ್ಷಗಳು ಇಲ್ಲಿ ಫಲ ಕೊಟ್ಟವು.

ಮೇ ತಿಂಗಳ ಸಂದೇಶಗಳಲ್ಲಿ 'ಎಎಫ್' ಎಂಬ ಜಾಗದ ಮೇಲೆ ದೊಡ್ಡ ದಾಳಿಯ ಸುಳಿವಿತ್ತು. ಅದು ಹವಾಯಿಯ ವಾಯವ್ಯಕ್ಕಿರುವ ಮಿಡ್‌ವೇ ದ್ವೀಪ ಎಂಬುದು ರೋಶ್‌ಫೋರ್ಟ್ ನಿಲುವು. ವಾಷಿಂಗ್ಟನ್ ಒಪ್ಪಲಿಲ್ಲ. ಆಗ ಸಹೋದ್ಯೋಗಿ ಜಾಸ್ಪರ್ ಹೋಮ್ಸ್ ಒಂದು ಉಪಾಯ ಹೂಡಿದರು. ಉಪ್ಪುನೀರನ್ನು ಸಿಹಿಯಾಗಿಸುವ ಯಂತ್ರ ಕೆಟ್ಟಿದೆ ಎಂದು ಸಂಕೇತವಿಲ್ಲದ ಭಾಷೆಯಲ್ಲಿ ರೇಡಿಯೊದಲ್ಲಿ ದೂರುವಂತೆ ಮಿಡ್‌ವೇಗೆ ಸಮುದ್ರದಡಿಯ ತಂತಿಯ ಮೂಲಕ ಹೇಳಿಕಳುಹಿಸಲಾಯಿತು. ಬೇಗನೆ ಎಎಫ್‌ನಲ್ಲಿ ಸಿಹಿನೀರಿಗೆ ಕೊರತೆಯೆಂದು ಜಪಾನಿಯರ ಸಂದೇಶ ಹೊರಟಿತು. ಈ ಪ್ರಸಂಗ ಹೇಳುವವರು, ಗುರಿ ಪತ್ತೆಯಾದದ್ದೇ ನೀರಿನ ಉಪಾಯದಿಂದ ಎನ್ನುತ್ತಾರೆ. ಅದು ತಪ್ಪು. ಮಾರ್ಚ್‌ನಲ್ಲಿ ಜಪಾನಿನ ಹಾರುದೋಣಿಗಳು ಹವಾಯಿಯ ಮೇಲೆ ಬಂದಾಗಿನ ಸಂದೇಶಗಳನ್ನು ನಕಾಶೆಯೊಡನೆ ಹೋಲಿಸಿ ರೋಶ್‌ಫೋರ್ಟ್ ಆಗಲೇ ತೀರ್ಮಾನಕ್ಕೆ ಬಂದಿದ್ದರು. ನೀರಿನ ಉಪಾಯ ಬೇಕಾದದ್ದು ವಾಷಿಂಗ್ಟನ್ನಿನ ಅನುಮಾನ ತೀರಿಸಲು.

ಇವರ ಮಾತು ನಂಬಿ ನಿಮಿಟ್ಜ್ ಮೂರು ವಿಮಾನವಾಹಕ ನೌಕೆಗಳನ್ನು ಹೊಂಚುಹಾಕಿ ನಿಲ್ಲಿಸಿದರು. ಜೂನ್ 4ರ ಬೆಳಿಗ್ಗೆ ಶತ್ರು ಇಂಥ ದಿಕ್ಕಿನಿಂದ, ಇಷ್ಟು ದೂರದಲ್ಲಿ, ಇಷ್ಟು ಹೊತ್ತಿಗೆ ಕಾಣುತ್ತಾನೆ ಎಂದು ಲೇಟನ್ ಹೇಳಿದ್ದರು. ಹೇಳಿದ್ದಕ್ಕೂ ಆದದ್ದಕ್ಕೂ ಐದು ಮೈಲಿ, ಐದು ಡಿಗ್ರಿ, ಐದು ನಿಮಿಷದ ವ್ಯತ್ಯಾಸವೆಂದು ನಿಮಿಟ್ಜ್ ಮೆಚ್ಚಿಕೊಂಡರು. ಅಕಾಗಿ, ಕಾಗಾ, ಸೋರ್ಯು, ಹಿರ್ಯು ಎಂಬ ನಾಲ್ಕೂ ಜಪಾನಿ ವಾಹಕಗಳು ಮುಳುಗಿದವು. ಅಮೆರಿಕ ಯಾರ್ಕ್‌ಟೌನ್ ಒಂದನ್ನು ಕಳೆದುಕೊಂಡಿತು.

ಆಮೇಲೆ ನಡೆದದ್ದನ್ನು ಬರೆಯುವಾಗ ನನಗೆ ಇಂದಿಗೂ ಸಂಕಟವಾಗುತ್ತದೆ. ನಿಮಿಟ್ಜ್ ಶಿಫಾರಸು ಮಾಡಿದ ಪದಕವನ್ನು ವಾಷಿಂಗ್ಟನ್ ತಿರಸ್ಕರಿಸಿತು. ಅದೇ ಅಕ್ಟೋಬರ್‌ನಲ್ಲಿ ರೋಶ್‌ಫೋರ್ಟ್ ಅವರನ್ನು ಹವಾಯಿಯಿಂದ ಕಿತ್ತು, ಕೊನೆಗೆ ಹಡಗು ದುರಸ್ತಿಯ ತೇಲುವ ಡ್ರೈಡಾಕ್ ಒಂದರ ಉಸ್ತುವಾರಿಗೆ ಹಾಕಿದರು. ಸರಿಯೆಂದು ಸಾಬೀತಾದ ಮನುಷ್ಯನನ್ನು ತಪ್ಪಾದವರು ದೂರ ಸರಿಸಿದ ಪ್ರಸಂಗವಿದು. ಹೀಗಲ್ಲದೆ ಬೇರೆ ರೀತಿ ಇದನ್ನು ಹೇಳಲಾಗದು. ಅವರು ಸಾರ್ವಜನಿಕವಾಗಿ ಗೊಣಗಲಿಲ್ಲ. ಕೊಟ್ಟ ಕೆಲಸ ಮಾಡಿದರು, ನಿವೃತ್ತರಾಗಿ ಕ್ಯಾಲಿಫೋರ್ನಿಯಾದಲ್ಲಿ ಸಂಸಾರದೊಡನೆ ಬಾಳಿದರು, 1976ರಲ್ಲಿ ತೀರಿಕೊಂಡರು. ಪದಕ ಅವರ ಕುಟುಂಬದವರ ಕೈ ಸೇರಿದ್ದು 1986ರಲ್ಲಿ, ಅಧ್ಯಕ್ಷ ರೇಗನ್ ಕಾಲದಲ್ಲಿ.

ಗಣಿತವನ್ನೋ ಭಾಷೆಯನ್ನೋ ಓದುತ್ತಿರುವ ಎಳೆಯರಲ್ಲಿ ಒಂದು ಕೋರಿಕೆ. ಮೂರರಿಂದ ಭಾಗವಾಗುವ ಐದಂಕಿಯ ಸಂಖ್ಯೆಗಳಿಂದ ನೂರು ಕನ್ನಡ ಪದಗಳ ಪುಟ್ಟ ಸಂಕೇತಪುಸ್ತಕ ಮಾಡಿ, ಮೇಲೆ ಹೇಳಿದಂತೆ ಸಂಖ್ಯೆ ಕೂಡಿಸಿ ಗೆಳೆಯರಿಗೆ ಕಳುಹಿಸಿ, ಬಿಡಿಸಲು ಹೇಳಿ. ಅದರ ರುಚಿ ಹತ್ತಿದ ಮೇಲೆ ಲೇಟನ್ ಅವರ 'ಅಂಡ್ ಐ ವಾಸ್ ದೇರ್' ಪುಸ್ತಕವನ್ನು ಹುಡುಕಿ ಓದಿ.