ಪಿಯಾನೋ: ಬೆರಳು ಮುಟ್ಟದ ತಂತಿಗಳು

ವೈಣಿಕನ ಒಂದು ಕೈ ತಂತಿಯನ್ನು ಮೀಟುವುದು; ಇನ್ನೊಂದು ಕೈಯ ಬೆರಳುಗಳು ಅದೇ ತಂತಿಯನ್ನು ಒತ್ತಿ, ಜಾರಿಸಿ, ಎಳೆದು ಸ್ವರಕ್ಕೆ ಬಳುಕನ್ನು ಕೊಡುವುವು. ಪಿಟೀಲಿನ ಕಮಾನು ಸ್ವರ ಹುಟ್ಟಿದಾಗಿನಿಂದ ಅಡಗುವವರೆಗೂ ತಂತಿಯನ್ನು ಬಿಟ್ಟಗಲುವುದಿಲ್ಲ. ಕೊಳಲಿನಲ್ಲಿ ವಾದಕನ ಉಸಿರೇ ನಾದವಾಗುವುದು. ಪಿಯಾನೋ ವಾದಕನ ಸ್ಥಿತಿ ಇವರೆಲ್ಲರದಕ್ಕಿಂತ ಬೇರೆ. ಅವನ ಬೆರಳು ತಂತಿಯನ್ನು ಮುಟ್ಟುವುದೇ ಇಲ್ಲ. ಅಷ್ಟೇ ಅಲ್ಲ, ಸ್ವರ ಹುಟ್ಟುವ ಗಳಿಗೆಯಲ್ಲಿ ಅವನ ಬೆರಳಿಗೂ ತಂತಿಯನ್ನು ಬಡಿಯುವ ಸುತ್ತಿಗೆಗೂ ಸಂಬಂಧವೇ ಕಡಿದುಹೋಗಿರುವುದು. ಹುಟ್ಟಿದ ಸ್ವರವನ್ನು ಅವನು ಬೆಳೆಸಲಾರ, ಬಳುಕಿಸಲಾರ. ಅದು ತನ್ನಷ್ಟಕ್ಕೆ ಕ್ಷೀಣಿಸುವುದನ್ನು ಕೇಳುತ್ತ ಕುಳಿತಿರಬೇಕಾದುದೇ.

ಹೀಗಿದ್ದರೂ ಮೊಟ್ಸಾರ್ಟ್, ಬೀಥೋವನ್, ಶೋಪಾನ್ ಮೊದಲಾದ ಮಹಾನುಭಾವರು ತಮ್ಮ ಅತ್ಯಂತ ಆಪ್ತವಾದ ಭಾವಗಳನ್ನು ಈ ವಾದ್ಯಕ್ಕೇ ಒಪ್ಪಿಸಿದರು. ಮರ, ಕಬ್ಬಿಣ, ಉಣ್ಣೆಗಳಿಂದಾದ ಈ ಯಂತ್ರ ಹಾಡುವುದಾದರೂ ಹೇಗೆ? ಉತ್ತರವನ್ನು ಭೌತವಿಜ್ಞಾನದ ದಾರಿಯಲ್ಲಿ ಹುಡುಕಿ ನೋಡೋಣ.

ಮೆಲುದನಿ, ಗಟ್ಟಿದನಿ

ಪಿಯಾನೋ ಹುಟ್ಟಿದ್ದು ಇಟಲಿಯ ಫ್ಲಾರೆನ್ಸ್ ನಗರದಲ್ಲಿ. ಅಲ್ಲಿನ ರಾಜಕುಮಾರ ಫರ್ಡಿನಾಂಡೋ ಡಿ ಮೆಡಿಚಿಯ ವಾದ್ಯಗಳನ್ನು ನೋಡಿಕೊಳ್ಳುತ್ತಿದ್ದ ಬಾರ್ತೊಲೊಮಿಯೊ ಕ್ರಿಸ್ತೊಫೊರಿ ಎಂಬ ಕುಶಲಿ ಇದರ ಜನಕ. 1700ರಲ್ಲಿ ಬರೆದಿಟ್ಟ ಅರಮನೆಯ ವಾದ್ಯಗಳ ಪಟ್ಟಿಯೊಂದರಲ್ಲಿ, ಮೆಲ್ಲಗೂ ಗಟ್ಟಿಯಾಗಿಯೂ ನುಡಿಯಬಲ್ಲ ಹೊಸ ವಾದ್ಯವೊಂದರ ಉಲ್ಲೇಖ ಬರುವುದು. ಇಟಾಲಿಯನ್ ಭಾಷೆಯಲ್ಲಿ ‘ಪಿಯಾನೋ’ ಎಂದರೆ ಮೆಲ್ಲಗೆ, ‘ಫೋರ್ಟೆ’ ಎಂದರೆ ಗಟ್ಟಿಯಾಗಿ. ಈ ಎರಡು ಪದಗಳು ಸೇರಿ ವಾದ್ಯದ ಹೆಸರಾದುವು. ಮುಂದೆ ಬಳಕೆಯಲ್ಲಿ ‘ಮೆಲ್ಲಗೆ’ ಎಂಬುದಷ್ಟೇ ಉಳಿಯಿತು. ಕ್ರಿಸ್ತೊಫೊರಿ ಕಟ್ಟಿದ ಪಿಯಾನೋಗಳಲ್ಲಿ 1720, 1722 ಮತ್ತು 1726ರ ಮೂರು ಇಂದಿಗೂ ಉಳಿದಿವೆ. ಅವು ಕ್ರಮವಾಗಿ ನ್ಯೂಯಾರ್ಕ್, ರೋಮ್ ಮತ್ತು ಲೈಪ್‌ಜಿಗ್ ನಗರಗಳ ವಸ್ತುಸಂಗ್ರಹಾಲಯಗಳಲ್ಲಿವೆ.

ಮೆಲ್ಲಗೆ, ಗಟ್ಟಿಯಾಗಿ ಎಂಬುದರಲ್ಲಿ ಅಂಥ ಹೆಚ್ಚಳವೇನು ಎಂದು ವಾಚಕರು ಕೇಳಬಹುದು. ಅದಕ್ಕೆ ಮುಂಚೆ ಬಳಕೆಯಲ್ಲಿದ್ದ ಹಾರ್ಪ್ಸಿಕಾರ್ಡ್ ಎಂಬ ವಾದ್ಯದಲ್ಲಿ ಕೀಲಿಯನ್ನು ಒತ್ತಿದರೆ ಹಕ್ಕಿಯ ಗರಿಯ ಚೂರೊಂದು ತಂತಿಯನ್ನು ಮೀಟುತ್ತಿತ್ತು. ನವುರಾಗಿ ಒತ್ತಿದರೂ ಬಲವಾಗಿ ಒತ್ತಿದರೂ ಮೀಟು ಹೆಚ್ಚುಕಡಿಮೆ ಒಂದೇ, ದನಿಯೂ ಒಂದೇ. ಕ್ಲಾವಿಕಾರ್ಡ್ ಎಂಬ ಇನ್ನೊಂದು ವಾದ್ಯ ಬೆರಳಿನ ಬಲವನ್ನು ಅನುಸರಿಸುತ್ತಿತ್ತಾದರೂ ಅದರ ದನಿ ಅದೇ ಕೋಣೆಯಲ್ಲಿದ್ದವರಿಗೆ ಮಾತ್ರ ಕೇಳುವಷ್ಟು ಕ್ಷೀಣ. ಸಭೆಗೆ ಕೇಳಿಸುವಂತೆಯೂ ಇರಬೇಕು, ಬೆರಳಿನ ಇಂಗಿತವನ್ನೂ ಅರಿಯಬೇಕು—ಇದು ಕ್ರಿಸ್ತೊಫೊರಿಯ ಮುಂದಿದ್ದ ಸಮಸ್ಯೆ. ತಂತಿಯನ್ನು ಮೀಟುವ ಬದಲು ಬಡಿಯುವುದೇ ಅವನು ಕಂಡ ಪರಿಹಾರ. ನಮ್ಮ ಕಾಶ್ಮೀರದ ಸಂತೂರಿನಲ್ಲಿಯೂ ತಂತಿಗಳನ್ನು ಪುಟ್ಟ ಕೋಲುಗಳಿಂದ ಬಡಿಯುವರಷ್ಟೆ. ಆದರೆ ಅಲ್ಲಿ ಕೋಲು ಎರಡೇ. ಇಲ್ಲಿ ಪ್ರತಿಯೊಂದು ಸ್ವರಕ್ಕೂ ತನ್ನದೇ ಆದ ಸುತ್ತಿಗೆ.

ಸುತ್ತಿಗೆಯ ಹಾರಾಟ

ಹಾರ್ಮೋನಿಯಂನಲ್ಲಿ ನಾವು ‘ಮನೆ’ಗಳೆಂದು ಕರೆಯುವ ಬಿಳಿ-ಕರಿ ಪಟ್ಟಿಗಳೇ ಪಿಯಾನೋದ ಕೀಲಿಗಳು. ಇಂದಿನ ಪೂರ್ಣಪ್ರಮಾಣದ ಪಿಯಾನೋದಲ್ಲಿ 52 ಬಿಳಿಯ, 36 ಕರಿಯ, ಒಟ್ಟು 88 ಕೀಲಿಗಳಿರುವುವು. ಪ್ರತಿ ಕೀಲಿಯೂ ಒಂದು ಸನ್ನೆ; ಅದರ ಹಿಂತುದಿಗೆ ಇನ್ನೂ ಕೆಲವು ಸಣ್ಣ ಸನ್ನೆಗಳು ಜೋಡಣೆಯಾಗಿವೆ. ಬೆರಳು ಕೀಲಿಯನ್ನು ಸುಮಾರು 10 ಮಿಲಿಮೀಟರಿನಷ್ಟು ಒತ್ತುವಷ್ಟರಲ್ಲಿ ಸುತ್ತಿಗೆ ಸುಮಾರು 45 ಮಿಲಿಮೀಟರ್ ದೂರ ಸಾಗುವುದು. ಎಂದರೆ ಬೆರಳಿನ ವೇಗ ಸುತ್ತಿಗೆಯಲ್ಲಿ ನಾಲ್ಕೈದು ಪಟ್ಟು ಹೆಚ್ಚುವುದು.

ಸುತ್ತಿಗೆಯನ್ನು ಕೀಲಿಯೇ ತಂತಿಯವರೆಗೆ ಒಯ್ದು ಒತ್ತಿದರೆ ಏನಾದೀತು? ಸುತ್ತಿಗೆ ತಂತಿಗೆ ಅಂಟಿಕೊಂಡು ನಿಂತು, ಈಗತಾನೆ ಹುಟ್ಟಿದ ಕಂಪನವನ್ನು ತಾನೇ ಅಡಗಿಸಿಬಿಡುವುದು. ದೇವಸ್ಥಾನದ ಗಂಟೆಯನ್ನು ಬಾರಿಸಿದ ನಾಲಗೆ ಹಿಂದೆ ಸರಿಯದಿದ್ದರೆ ಗಂಟೆ ಮೊಳಗದೆ ‘ಟಣ್’ ಎಂದು ಸುಮ್ಮನಾಗುವುದಿಲ್ಲವೆ? ಹಾಗೆಯೇ ಇದೂ. ಆದುದರಿಂದ ಕ್ರಿಸ್ತೊಫೊರಿ ಒಂದು ಉಪಾಯ ಹೂಡಿದ. ಸುತ್ತಿಗೆ ತಂತಿಯನ್ನು ತಲಪಲು ಇನ್ನು ಕೂದಲೆಳೆಯಷ್ಟು ಅಂತರವಿರುವಾಗ ಅದನ್ನು ನೂಕುತ್ತಿದ್ದ ಸನ್ನೆ ಜಾರಿ ಪಕ್ಕಕ್ಕೆ ಸರಿಯುವುದು. ಅಲ್ಲಿಂದಾಚೆಗೆ ಸುತ್ತಿಗೆ, ಕವಣೆಯಿಂದ ಹೊರಟ ಕಲ್ಲಿನಂತೆ, ತನ್ನ ವೇಗದಿಂದಲೇ ಹಾರಿ ತಂತಿಯನ್ನು ಬಡಿದು ಹಿಂದಿರುಗುವುದು. ಇಂದಿನ ಪಿಯಾನೋದಲ್ಲಿ ಈ ಅಂತರ ಒಂದೆರಡು ಮಿಲಿಮೀಟರ್ ಮಾತ್ರ. ಸುತ್ತಿಗೆ ತಂತಿಯನ್ನು ಸೋಕಿರುವ ಕಾಲ ಮಂದ್ರದಲ್ಲಿ ಸೆಕೆಂಡಿನ ಸಾವಿರದ ನಾಲ್ಕು ಭಾಗದಷ್ಟು; ತಾರದಲ್ಲಿ ಸಾವಿರದ ಒಂದು ಭಾಗಕ್ಕಿಂತಲೂ ಕಡಿಮೆ. 1821ರಲ್ಲಿ ಸೆಬಾಸ್ಟಿಯನ್ ಎರಾರ್ ಎಂಬಾತನ ಸುಧಾರಣೆಯಿಂದ, ಕೀಲಿ ಪೂರ್ತಿ ಮೇಲೇಳುವ ಮೊದಲೇ ಅದೇ ಸ್ವರವನ್ನು ಮತ್ತೆ ನುಡಿಸಲು ಸಾಧ್ಯವಾಯಿತು.

ತಂತಿಗಳ ಸೆಳೆತವನ್ನೂ ಗಮನಿಸಬೇಕು. ದೊಡ್ಡ ಪಿಯಾನೋದಲ್ಲಿ ಸುಮಾರು 230 ಉಕ್ಕಿನ ತಂತಿಗಳಿರುವುವು. ಎಲ್ಲವೂ ಸೇರಿ ಚೌಕಟ್ಟನ್ನು ಎಳೆಯುವ ಬಲ ಸುಮಾರು 20 ಟನ್ ತೂಕಕ್ಕೆ ಸಮ. ಮರದ ಚೌಕಟ್ಟು ಈ ಭಾರವನ್ನು ತಾಳದು. 1825ರಲ್ಲಿ ಬಾಸ್ಟನ್ನಿನ ಆಲ್ಫಿಯಸ್ ಬ್ಯಾಬ್‌ಕಾಕ್ ಒಂದೇ ತುಂಡಾಗಿ ಎರಕಹೊಯ್ದ ಕಬ್ಬಿಣದ ಚೌಕಟ್ಟಿಗೆ ಹಕ್ಕುಪತ್ರ ಪಡೆದ ಮೇಲೆ ಪಿಯಾನೋದ ದನಿ ದೊಡ್ಡ ಸಭಾಂಗಣಗಳನ್ನು ತುಂಬುವಷ್ಟು ಬೆಳೆಯತೊಡಗಿತು. ತಂತಿಯೊಂದೇ ಗಾಳಿಯನ್ನು ಹೆಚ್ಚು ಕದಲಿಸಲಾರದು. ಅದರ ಕಂಪನವನ್ನು ಸ್ಪ್ರೂಸ್ ಮರದ ತೆಳುವಾದ ನಾದಫಲಕವು ಸ್ವೀಕರಿಸಿ ಗಾಳಿಗೆ ಹಂಚುವುದು.

ಸ್ವರದ ಅಳಿವು

ಪಿಯಾನೋದ ಸ್ವರ ಹುಟ್ಟಿದ ಕ್ಷಣದಿಂದಲೇ ಅಳಿಯತೊಡಗುವುದು. ಮಂದ್ರದ ಸ್ವರ ಹತ್ತಾರು ಸೆಕೆಂಡು ಉಳಿದರೆ, ತುತ್ತತುದಿಯ ಸ್ವರ ಒಂದು ಸೆಕೆಂಡೂ ನಿಲ್ಲದು. ಆದರೆ ಈ ಅಳಿವು ಒಂದೇ ಬಗೆಯದಲ್ಲ. ಮಧ್ಯ ಮತ್ತು ತಾರ ಸ್ಥಾಯಿಗಳಲ್ಲಿ ಒಂದು ಸ್ವರಕ್ಕೆ ಮೂರು ತಂತಿಗಳಿದ್ದು, ಸುತ್ತಿಗೆ ಮೂರನ್ನೂ ಒಟ್ಟಿಗೆ ಬಡಿಯುವುದು. ಮೊದಲು ಮೂರೂ ಒಂದೇ ಹೆಜ್ಜೆಯಲ್ಲಿ ಅದುರುತ್ತ ನಾದಫಲಕವನ್ನು ಬಲವಾಗಿ ಅಲುಗಿಸುವುವು. ದನಿ ಜೋರು, ಶಕ್ತಿಯ ವೆಚ್ಚವೂ ಜೋರು. ಮೂರರ ಶ್ರುತಿಗಳಲ್ಲಿ ಅತ್ಯಲ್ಪ ವ್ಯತ್ಯಾಸವಿರುವುದರಿಂದ ಬೇಗನೆ ಅವುಗಳ ಹೆಜ್ಜೆ ತಪ್ಪುವುದು. ಒಂದು ಮೇಲಕ್ಕೆ ಎಳೆದರೆ ಇನ್ನೊಂದು ಕೆಳಕ್ಕೆ ಎಳೆಯುವುದು. ಆಗ ನಾದಫಲಕದ ಮೇಲಿನ ಬಲಗಳು ಬಹುಮಟ್ಟಿಗೆ ಒಂದನ್ನೊಂದು ಅಳಿಸಿಕೊಂಡು, ಶಕ್ತಿ ನಿಧಾನವಾಗಿ ಸೋರುವುದು. ಹೀಗಾಗಿ ಮೊದಲು ಒಂದು ಬಡಿತ, ಆಮೇಲೆ ಮೆಲುವಾಗಿ ಬಹಳ ಹೊತ್ತು ಉಳಿಯುವ ಗುಂಗು. ಇದನ್ನು 1977ರಲ್ಲಿ ವಿವರವಾಗಿ ತೋರಿಸಿಕೊಟ್ಟವರು ಅಮೆರಿಕದ ಭೌತವಿಜ್ಞಾನಿ ಗೇಬ್ರಿಯಲ್ ವೈನ್‌ರೈಕ್. ಮೂರು ತಂತಿಗಳೂ ಕರಾರುವಾಕ್ಕಾಗಿ ಒಂದೇ ಶ್ರುತಿಯಲ್ಲಿದ್ದರೆ ಈ ಗುಂಗು ಕುಗ್ಗುವುದು. ಪಿಯಾನೋ ಹಾಡಿದಂತೆ ತೋರಲು ಕೂದಲೆಳೆಯಷ್ಟು ಅಪಶ್ರುತಿಯೂ ಬೇಕೆಂದಾಯಿತು!

ಸ್ಥಿರ ಶ್ರುತಿಯ ಬೆಲೆ

ಪಿಯಾನೋದ ಸ್ವರಸ್ಥಾನಗಳು ಸ್ಥಿರ. ವೀಣೆಯಲ್ಲಿ ತಂತಿಯನ್ನು ಅಡ್ಡಕ್ಕೆ ಎಳೆದು ಸ್ವರದಿಂದ ಸ್ವರಕ್ಕೆ ಹರಿಯುವಂತೆ ಇಲ್ಲಿ ಹರಿಯಲಾಗದು. ಗಮಕವೇ ಪ್ರಾಣವಾದ ನಮ್ಮ ಸಂಗೀತಕ್ಕೆ ಇದು ದೊಡ್ಡ ಕೊರತೆ. ಇದಕ್ಕೆ ಪ್ರತಿಯಾಗಿ ದೊರೆಯುವ ಲಾಭವೆಂದರೆ ಹತ್ತು ಬೆರಳುಗಳಿಂದ ಹತ್ತು ಸ್ವರಗಳನ್ನು ಏಕಕಾಲಕ್ಕೆ ನುಡಿಸಬಹುದಾದ ಸ್ವರಮೇಳ. ಯಾವ ಕೀಲಿಯನ್ನು ಷಡ್ಜವಾಗಿ ಹಿಡಿದರೂ ಮೇಳ ಕೆಡಬಾರದೆಂದು ಸ್ಥಾಯಿಯನ್ನು 12 ಸಮಾನ ಹೆಜ್ಜೆಗಳಾಗಿ ಹಂಚಿದ್ದಾರೆ. ಪ್ರತಿ ಹೆಜ್ಜೆಗೂ ಆವೃತ್ತಿ ಸುಮಾರು 1.0595 ಪಟ್ಟು ಏರುವುದು. ಹೀಗೆ ಏಳು ಹೆಜ್ಜೆ ಏರಿದಾಗ ಸಿಗುವ ಪಂಚಮ 1.4983 ಪಟ್ಟು, ಶುದ್ಧ ಪಂಚಮವಾದರೋ 1.5 ಪಟ್ಟು. ಸೆಕೆಂಡಿಗೆ 440 ಕಂಪನಗಳ ಸ್ವರವನ್ನು ಷಡ್ಜವೆಂದುಕೊಂಡರೆ ಶುದ್ಧ ಪಂಚಮ 660 ಆಗಬೇಕು. ಪಿಯಾನೋದಲ್ಲಿ ಅದು 659.26. ಎರಡನ್ನೂ ಕೂಡಿ ನುಡಿಸಿದಾಗ ಎರಡು ಸೆಕೆಂಡಿಗೆ ಸುಮಾರು ಮೂರು ಸಲ ನಾದ ಏರಿ ಇಳಿದಂತೆ ಕೇಳುವುದು. ಭೌತವಿಜ್ಞಾನದಲ್ಲಿ ‘ವಿಸ್ಪಂದ’ವೆಂದು ಕರೆಯುವ ಈ ಏರಿಳಿತವನ್ನೇ ಎಣಿಸುತ್ತ ಶ್ರುತಿಗಾರನು ವಾದ್ಯವನ್ನು ಅಳವಡಿಸುವನು. ಒಂದು ಪಂಚಮವೂ ಪರಿಶುದ್ಧವಲ್ಲ; ಆದರೆ ಯಾವುದೂ ಅಸಹ್ಯವಲ್ಲ.

ಬೆರಳಿನ ವಶದಲ್ಲಿರುವುದೇನು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಸುತ್ತಿಗೆ ಕೈಬಿಟ್ಟು ಹಾರಿದ ಮೇಲೆ ಅದರಲ್ಲಿ ವಾದಕನ ಗುರುತಾಗಿ ಉಳಿಯುವುದು ಅದರ ವೇಗ ಮಾತ್ರ. ವೇಗ ಹೆಚ್ಚಾದರೆ ದನಿ ಗಟ್ಟಿಯಾಗುವುದಲ್ಲದೆ ಹೊಳಪೂ ಏರುವುದು. ಏಕೆಂದರೆ ಸುತ್ತಿಗೆಯ ಮೇಲಿನ ಉಣ್ಣೆಯ ಮೆತ್ತೆ ರಭಸಕ್ಕೆ ಸಿಕ್ಕಿ ಬಿರುಸಾಗುವುದು. ಬಿರುಸಾದ ವಸ್ತುವಿನ ಬಡಿತದಿಂದ ತಂತಿಯಲ್ಲಿ ಮೇಲಿನ ಉಪಸ್ವರಗಳು ಹೆಚ್ಚು ಏಳುವುವು. 1934ರಲ್ಲಿ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಹಾರ್ಟ್, ಫುಲ್ಲರ್ ಮತ್ತು ಲಸ್ಬಿ ಎಂಬುವರು ನುರಿತ ವಾದಕರ ಬೆರಳನ್ನೂ ಒಂದು ಯಂತ್ರದ ಬಡಿತವನ್ನೂ ಹೋಲಿಸಿ ನೋಡಿದರು. ಸುತ್ತಿಗೆಯ ವೇಗ ಒಂದೇ ಆಗಿದ್ದರೆ ಒಂಟಿ ಸ್ವರದ ನಾದವೂ ಒಂದೇ ಆಗಿತ್ತು. ಬೆರಳು ಕೀಲಿಗೆ ತಗಲುವ ಸದ್ದು, ಕೀಲಿ ತಳ ಮುಟ್ಟುವ ಸದ್ದು ಇವುಗಳಿಂದ ಸ್ವಲ್ಪ ವ್ಯತ್ಯಾಸ ಕೇಳಿಸಬಹುದೆಂದು ಅನಂತರದ ಪ್ರಯೋಗಗಳು ತೋರಿಸಿದರೂ ತಂತಿಯ ಮಟ್ಟಿಗೆ ವೇಗವೇ ಸರ್ವಸ್ವ. 1983ರಲ್ಲಿ ಬಳಕೆಗೆ ಬಂದ ಮಿಡಿ ಎಂಬ ಪದ್ಧತಿಯಲ್ಲಿ ವಿದ್ಯುನ್ಮಾನ ಕೀಲಿಮಣೆಗಳು ಪ್ರತಿ ಒತ್ತನ್ನೂ 1ರಿಂದ 127ರವರೆಗಿನ ಒಂದು ವೇಗಸಂಖ್ಯೆಯಾಗಿ ದಾಖಲಿಸುವುವು.

ಹಾಗಾದರೆ ಕಲಾವಿದನಿಗೂ ಯಂತ್ರಕ್ಕೂ ಭೇದವಿಲ್ಲವೆ? ಈ ತೀರ್ಮಾನಕ್ಕೆ ಆತುರಪಡಬಾರದು. ಒಂಟಿ ಅಕ್ಷರ ಯಾರು ಬರೆದರೂ ಅಕ್ಷರವೇ. ಕಾವ್ಯ ಹುಟ್ಟುವುದು ಅಕ್ಷರಗಳ ಸಂಬಂಧದಲ್ಲಿ. ಪಿಯಾನೋ ವಾದಕನ ಕಲೆಯೂ ಸ್ವರಸ್ವರಗಳ ನಡುವಿನ ಸಂಬಂಧದಲ್ಲಿದೆ. ನಾಲ್ಕು ಸ್ವರಗಳ ಮೇಳದಲ್ಲಿ ಅವನು ಒಂದನ್ನು ಮಿಕ್ಕವುಗಳಿಗಿಂತ ತುಸು ಗಟ್ಟಿಯಾಗಿ ನುಡಿಸುವನು. ವೇಗವಾಗಿ ಹೊರಟ ಆ ಸುತ್ತಿಗೆ ಸೆಕೆಂಡಿನ ನೂರರ ಎರಡು ಮೂರು ಭಾಗದಷ್ಟು ಮೊದಲೇ ತಂತಿಯನ್ನು ತಲಪುವುದು. ಕಿವಿ ಅದನ್ನೇ ಹಾಡೆಂದು ಹಿಡಿದುಕೊಳ್ಳುವುದು. ಹಿಂದಿನ ಸ್ವರ ಎಷ್ಟು ಇಳಿದಿದೆಯೆಂದು ಕೇಳಿ, ಮುಂದಿನದನ್ನು ಅದೇ ಮಟ್ಟದಿಂದ ಎತ್ತಿಕೊಂಡರೆ, ಕಡಿದ ಸ್ವರಗಳು ಒಂದೇ ಉಸಿರಿನ ಹಾಡಿನಂತೆ ಬೆಸೆದುಕೊಳ್ಳುವುವು. ಗಾಯಕರ ಹಾಡನ್ನು ಕೇಳಿ ಕಲಿಯಬೇಕೆಂದು ಶೋಪಾನ್ ತನ್ನ ಶಿಷ್ಯರಿಗೆ ಹೇಳುತ್ತಿದ್ದುದು ಇದೇ ಕಾರಣದಿಂದ.

ಇನ್ನೊಂದು ಸಾಧನ ಪೆಡಲ್. ಕೀಲಿಯನ್ನು ಬಿಟ್ಟೊಡನೆ ಒಂದು ಮೆತ್ತೆ ತಂತಿಯ ಮೇಲೆ ಕುಳಿತು ನಾದವನ್ನು ತಡೆಯುವುದಷ್ಟೆ. ಬಲಗಾಲಿನ ಪೆಡಲನ್ನು ತುಳಿದರೆ ಎಲ್ಲ ಮೆತ್ತೆಗಳೂ ಮೇಲೆದ್ದು, ನುಡಿಸದ ತಂತಿಗಳೂ ಅನುರಣಿಸತೊಡಗುವುವು. ‘ಬೆಳುದಿಂಗಳು’ ಎಂದು ಮುಂದೆ ಇತರರು ಹೆಸರಿಟ್ಟ 1801ರ ಸೊನಾಟದ ಮೊದಲ ಭಾಗವನ್ನು ಮೆತ್ತೆಗಳನ್ನು ಎತ್ತಿಯೇ ನುಡಿಸಬೇಕೆಂದು ಬೀಥೋವನ್ ಸೂಚಿಸಿದ್ದಾನೆ. ಅವನ ಕಾಲದ ಪಿಯಾನೋಗಳಲ್ಲಿ ಸ್ವರ ಬೇಗ ಅಳಿಯುತ್ತಿದ್ದುದರಿಂದ ಅಲ್ಲಿ ತೆಳುವಾದ ಮಂಜಿನ ಪರಿಣಾಮವುಂಟಾಗುತ್ತಿತ್ತು. ಇಂದಿನ ವಾದ್ಯದಲ್ಲಿ ಅದನ್ನು ಅಕ್ಷರಶಃ ಪಾಲಿಸಿದರೆ ಸ್ವರಗಳು ಕಲಸಿಹೋಗುವುವು; ವಾದಕರು ಪೆಡಲನ್ನು ಆಗಾಗ ಬದಲಿಸುತ್ತ ಅದೇ ಭಾವವನ್ನು ತರಬೇಕಾಗಿದೆ. ವಾದ್ಯ ಬದಲಾದರೆ ಬರೆದಿಟ್ಟ ಸಂಗೀತದ ಅರ್ಥವೂ ಕದಲುವುದೆಂಬುದಕ್ಕೆ ಇದು ಒಳ್ಳೆಯ ನಿದರ್ಶನ.

ಪಿಯಾನೋದ ಅರ್ಥಸಂಪತ್ತು ಅದರ ಮಿತಿಯಿಂದಲೇ ಬೆಳೆದಿದೆಯೆನ್ನಬಹುದು. ಇಲ್ಲಿ ಪ್ರತಿ ಸ್ವರವೂ ಬಡಿತದಿಂದ ಹುಟ್ಟಿ ಮೌನದ ಕಡೆಗೆ ನಡೆಯುವುದು. ಗಂಟೆ, ಮಳೆಹನಿ, ಹೆಜ್ಜೆಯ ಸಪ್ಪಳ ಇವುಗಳ ಪಾಡೂ ಅದೇ. ‘ಮಳೆಹನಿ’ ಎಂಬ ಹೆಸರು ಅಂಟಿಕೊಂಡ ಶೋಪಾನನ ಕೃತಿಯೊಂದರಲ್ಲಿ ಒಂದೇ ಸ್ವರ ಉದ್ದಕ್ಕೂ ಮರುಕಳಿಸುವುದು. 1910ರಲ್ಲಿ ಡೆಬ್ಯುಸಿ ರಚಿಸಿದ ‘ಮುಳುಗಿದ ದೇವಾಲಯ’ದಲ್ಲಿ ನೀರಿನಡಿಯ ಗಂಟೆಗಳು ಮೊಳಗುವುವು. 1911ರ ‘ಅಲೆಗ್ರೊ ಬಾರ್ಬರೊ’ದಲ್ಲಿ ಬಾರ್ತೊಕ್ ಹಾಡುವ ಭ್ರಮೆಯನ್ನೇ ಬಿಟ್ಟು ಪಿಯಾನೋವನ್ನು ತಾಳವಾದ್ಯದಂತೆ ಮೊಳಗಿಸಿದ. ಯಂತ್ರ ಅದೇ, ನಿಯಮಗಳೂ ಅವೇ.

ಮೈಸೂರಿನ ನಂಟು

ಈ ಕಥೆಯಲ್ಲಿ ಕನ್ನಡ ನಾಡಿಗೂ ಒಂದು ಪಾಲುಂಟು. ಮೈಸೂರಿನ ಮಹಾರಾಜರಾಗಿದ್ದ ಶ್ರೀ ಜಯಚಾಮರಾಜ ಒಡೆಯರು ಪಿಯಾನೋವನ್ನು ಶ್ರದ್ಧೆಯಿಂದ ಅಭ್ಯಸಿಸಿದ್ದರು. 1945ರಲ್ಲಿ ಲಂಡನ್ನಿನ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಆದರು. ರಷ್ಯದಿಂದ ಹೊರಬಂದು ಲಂಡನ್ನಿನಲ್ಲಿ ನೆಲಸಿದ್ದ ವಾಗ್ಗೇಯಕಾರ ನಿಕೊಲಾಯ್ ಮೆಟ್ನರ್ ಮುಪ್ಪು, ಅನಾರೋಗ್ಯಗಳಿಂದ ಬಳಲುತ್ತಿದ್ದಾಗ ಅವನ ಕೃತಿಗಳನ್ನು ಧ್ವನಿಮುದ್ರಿಸಲು ಮಹಾರಾಜರು ಮೆಟ್ನರ್ ಸಂಘವನ್ನು ಸ್ಥಾಪಿಸಿ ಧನಸಹಾಯ ನೀಡಿದರು. 1951ರಲ್ಲಿ ತೀರಿಕೊಳ್ಳುವ ಮುನ್ನ ಮೆಟ್ನರ್ ತನ್ನ ಮೂರು ಪಿಯಾನೋ ಕಂಚೆರ್ಟೊಗಳನ್ನೂ ತಾನೇ ನುಡಿಸಿ ಮುದ್ರಿಸಿದ. ಮೂರನೆಯದನ್ನು ಮಹಾರಾಜರಿಗೇ ಅರ್ಪಿಸಿದ. ಅದೇ ಒಡೆಯರು ‘ಶ್ರೀವಿದ್ಯಾ’ ಅಂಕಿತದಲ್ಲಿ ತೊಂಬತ್ತಕ್ಕೂ ಮಿಕ್ಕು ಕರ್ಣಾಟಕ ಕೃತಿಗಳನ್ನು ರಚಿಸಿದರು. ಗಮಕದ ಸಂಗೀತವನ್ನೂ ಸ್ಥಿರಸ್ವರಗಳ ಸಂಗೀತವನ್ನೂ ಒಂದೇ ಕಿವಿ ಪ್ರೀತಿಸಬಲ್ಲುದೆಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಕೊನೆಗೆ ಒಂದು ಪ್ರಯೋಗ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ ಹತ್ತೊಂಬತ್ತನೆಯ ಶತಮಾನದಲ್ಲಿ ವಿವರಿಸಿದ ಇದನ್ನು, ತಂತಿಗಳುಳ್ಳ ಪಿಯಾನೋ ಸಿಕ್ಕಿದಾಗ ವಿದ್ಯಾರ್ಥಿಗಳು ತಾವೇ ಮಾಡಿ ನೋಡಬಹುದು. ಮುಚ್ಚಳ ತೆರೆದು, ಬಲಗಡೆಯ ಪೆಡಲನ್ನು ತುಳಿದು ಹಿಡಿದು, ತಂತಿಗಳ ಮೇಲೆ ಬಾಗಿ ಗಟ್ಟಿಯಾಗಿ ‘ಆ’ ಎಂದು ಹಾಡಿ ಥಟ್ಟನೆ ನಿಲ್ಲಿಸಿರಿ. ನಿಮ್ಮ ದನಿಯಲ್ಲಿದ್ದ ಉಪಸ್ವರಗಳಿಗೆ ಹೊಂದುವ ತಂತಿಗಳು ತಾವಾಗಿಯೇ ಅದುರಿ, ವಾದ್ಯದೊಳಗಿನಿಂದ ಮೆಲ್ಲಗೆ ‘ಆ’ ಎಂಬ ಮರುನುಡಿ ಬರುವುದು. ಬಳಿಕ ‘ಈ’ ಎಂದು ಹಾಡಿ, ಎರಡು ಮರುನುಡಿಗಳನ್ನೂ ಹೋಲಿಸಿ ಕೇಳಿರಿ.